ಜರ್ಮನಿಗೆ ಹೊರಟ ನಮ್ಮ ಕಡೆಯ ನರ್ಸುಗಳಿಗೆ: ತಪ್ಪು ಮಾತಾಡಿ ಭಾಷೆ ಕಲಿಯುವ ಬಗೆ

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ ಸಂಜೆ ಹೊತ್ತು ಮೂರು ಹುಡುಗಿಯರು ನಮ್ಮ ಜಗಲಿಗೆ ಬರುತ್ತಾರೆ. ಮೂವರೂ ಶನಿವಾರಸಂತೆ ಸುತ್ತಮುತ್ತಲಿನವರು, ನರ್ಸಿಂಗ್ ಓದಿದವರು, ಜರ್ಮನಿಗೆ ಹೊರಟವರು. ಮೊದಲ ದಿನವೇ, "ಅಕ್ಕಾ, ತಪ್ಪಿಲ್ಲದೆ ಮಾತಾಡೋಕೆ ಯಾವಾಗ ಬರುತ್ತೆ?" ಅಂತ ಕೇಳಿದರು. ಅದನ್ನು ನಾನು ಹೇಳಿಕೊಡಲಾರೆ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನ ವೃದ್ಧಾಶ್ರಮದಲ್ಲಿ ಆರು ವರ್ಷ ದುಡಿದು ಬಂದವಳು ನಾನು. ಅಲ್ಲಿ ನಾಚಿಕೆಯಾಗಿ ತಲೆ ತಗ್ಗಿಸಿದ ದಿನಗಳಲ್ಲಿ ಕಲಿತ ಮಾತುಗಳೇ ಇವತ್ತಿಗೂ ನಾಲಿಗೆಯ ಮೇಲಿವೆ. ಆ ನಾಚಿಕೆಯನ್ನು ಹೇಗೆ ಬಳಸಿಕೊಳ್ಳುವುದು ಎಂದು ಹೇಳಬಲ್ಲೆ.

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ: ನಾನು ಏನಂದೆ, ಅವರಿಗೆ ಏನು ಕೇಳಿಸಿತು, ಅವರ ಮನೆಯಲ್ಲಿ ಇದನ್ನು ಹೇಗೆ ಅನ್ನುತ್ತಾರೆ, ನಮ್ಮಮ್ಮ ಇದನ್ನು ಹೇಗೆ ಅನ್ನುತ್ತಾಳೆ. ತಪ್ಪಾದ ದಿನ ರಾತ್ರಿಯೇ ಬರೆಯಬೇಕು. ನಾಳೆಗೆ ಬಿಟ್ಟರೆ ಬರೆಯಲು ಮನಸ್ಸೇ ಬರುವುದಿಲ್ಲ.

ನಾಲ್ಕನೇ ಕಾಲಂ ಹುಟ್ಟಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ಊಟದ ಹಾಲ್‌ನಲ್ಲಿ ಇಪ್ಪತ್ತು ಮಂದಿ ವೃದ್ಧರ ಮುಂದೆ ಬೆವರು ಒರೆಸಿಕೊಳ್ಳುತ್ತಾ "ಇಶ್ ಬಿನ್ ಹೈಸ್" ಅಂದೆ. ಚಮಚಗಳ ಸದ್ದು ನಿಂತಿತು. ಜೊತೆಯ ನರ್ಸ್ ಒಬ್ಬಳು ಅಡುಗೆಮನೆಗೆ ಕರೆದೊಯ್ದು, ಹಾಗಂದರೆ ಮೈಯ ಆಸೆಯ ಮಾತಾಗುತ್ತದೆ ಎಂದು ಮೆಲ್ಲಗೆ ತಿಳಿಸಿದಳು. ಆವತ್ತು ಸ್ಟೋರ್‌ರೂಮಿನಲ್ಲಿ ನಿಂತು ಅತ್ತಿದ್ದೇನೆ. ರಾತ್ರಿ ಸರಿಯಾದ ಮಾತು ಬರೆಯುವಾಗ ಕಣ್ಣು ತೆರೆಯಿತು: "ಮಿಯರ್ ಇಸ್ಟ್ ಹೈಸ್", ಅಂದರೆ "ನನಗೆ ಸೆಕೆ". ನಮ್ಮಮ್ಮ ಅನ್ನುವುದೂ ಅದನ್ನೇ! "ನಾನು ಸೆಕೆ" ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ನಾನು ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಹೋಗಿ ಎಡವಿದ್ದೆ. "ನನಗೆ ಚಳಿ" ಅನ್ನಲು "ಮಿಯರ್ ಇಸ್ಟ್ ಕಾಲ್ಟ್", "ನನಗೆ ಹಿಡಿಸಿತು" ಅನ್ನುವ ಕಡೆ "ಎಸ್ ಗೆಫೆಲ್ಟ್ ಮಿಯರ್", ಇಲ್ಲೂ "ನನಗೆ" ಇದ್ದೇ ಇದೆ. "ವೈಲ್ ಇಶ್ ಮ್ಯೂಡೆ ಬಿನ್" (ನಾನು ದಣಿದಿರುವುದರಿಂದ) ಎಂಬಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಇಂಗ್ಲಿಷ್ ಮಾತ್ರ ಬಲ್ಲವರಿಗೆ ಕಷ್ಟ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆವರೆಗೆ ಕಾಯುವುದು ನಮಗೆ ಹುಟ್ಟಿನಿಂದ ಅಭ್ಯಾಸ. ದಯವಿಟ್ಟು ಕನ್ನಡದಿಂದಲೇ ಕಲಿಯಿರಿ.

ಆದರೆ ಕನ್ನಡದ ದಾರಿ ಎಲ್ಲ ಕಡೆಗೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಗೆ "ನೀನು" ಅನ್ನುತ್ತೇವೆ, ಅದು ಪ್ರೀತಿ. ಅದೇ ಪ್ರೀತಿಯಿಂದ ಎಂಬತ್ತು ದಾಟಿದ ಒಬ್ಬ ಅಜ್ಜಿಗೆ "ಡೂ" (ನೀನು) ಅಂದೆ. ಅವರು ಕಪ್ ಕೆಳಗಿಟ್ಟು, ನಿಮಗೂ ನನಗೂ ಅಷ್ಟು ಸಲಿಗೆ ಎಲ್ಲಿಯದು ಎಂದು ಕೇಳಿದರು. ಅಲ್ಲಿ "ಡೂ" ಅನ್ನೋಣ ಎಂದು ಹಿರಿಯರೇ ಮೊದಲು ಹೇಳಬೇಕು. ಅಲ್ಲಿಯವರೆಗೆ "ಜೀ", ಅಂದರೆ "ನೀವು".

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಗಡಿಯಾರದ ತಪ್ಪು. ವೃದ್ಧರೊಬ್ಬರ ಮಗಳು ಭಾನುವಾರ ಕಾಫಿ, ಕೇಕಿಗೆ ಮನೆಗೆ ಕರೆದರು, "ಹಾಲ್ಪ್ ಡ್ರೈ"ಗೆ. ಹಾಲ್ಪ್ ಅಂದರೆ ಅರ್ಧ, ಡ್ರೈ ಅಂದರೆ ಮೂರು. ಮೂರೂವರೆ ಎಂದುಕೊಂಡು ಸರಿಯಾಗಿ ಮೂರೂವರೆಗೆ ಬೆಲ್ ಒತ್ತಿದೆ. ಮೇಜಿನ ಮೇಲೆ ಐದು ತಟ್ಟೆ ಇದ್ದವು. ನಾಲ್ಕರಲ್ಲಿ ಕೇಕಿನ ಪುಡಿ ಮಾತ್ರ ಉಳಿದಿತ್ತು. ಮಕ್ಕಳು ಕಾದು ಕಾದು ತಿಂದು ಹೋಗಿದ್ದರು. ಆಕೆ ಬೈಯಲಿಲ್ಲ, ಗಡಿಯಾರದ ಕಡೆ ಒಮ್ಮೆ ನೋಡಿದರು ಅಷ್ಟೆ. ಕ್ಷಮಿಸಿ ಎಂದು ಹೇಳಿ ಹೊರಟುಬಿಡೋಣ ಅನ್ನಿಸಿತು. ಹಾಗೆ ಮಾಡದೆ, ನಾನು ಹೇಗೆ ಲೆಕ್ಕ ಹಾಕಿದೆ ಎಂದು ಹರುಕುಮುರುಕು ಮಾತಿನಲ್ಲೇ ಹೇಳಿದೆ. ಆಕೆ ಪೇಪರ್ ನ್ಯಾಪ್ಕಿನ್ ಮೇಲೆ ಗಡಿಯಾರ ಬರೆದು ತೋರಿಸಿದರು: ಎರಡು ಆದ ಮೇಲೆ ನಡೆಯುತ್ತಿರುವುದು ಮೂರನೆಯ ಗಂಟೆ, ಅದರ ಅರ್ಧ ಮುಗಿದರೆ ಹಾಲ್ಪ್ ಡ್ರೈ. ನಮ್ಮ ಎರಡೂವರೆ! ಆ ಸೀಮೆಯಲ್ಲಿ ಎರಡೂಕಾಲಿಗೆ "ಫಿಯರ್ಟೆಲ್ ಡ್ರೈ", ಎರಡೂಮುಕ್ಕಾಲಿಗೆ "ಡ್ರೈಫಿಯರ್ಟೆಲ್ ಡ್ರೈ" ಅನ್ನುವುದನ್ನೂ ಆವತ್ತೇ ಕಲಿತೆ. ನಾವು ಕಳೆದ ಗಂಟೆಯಿಂದ ಎಣಿಸುತ್ತೇವೆ, ಅವರು ನಡೆಯುತ್ತಿರುವ ಗಂಟೆಯನ್ನು ಅಳೆಯುತ್ತಾರೆ. ಆ ನ್ಯಾಪ್ಕಿನ್ ಇನ್ನೂ ನನ್ನ ನೋಟ್‌ಬುಕ್‌ನಲ್ಲಿ ಅಂಟಿಕೊಂಡಿದೆ.

ಆದ್ದರಿಂದ ತಪ್ಪಾದಾಗ ಬರೀ ಕ್ಷಮೆ ಕೇಳಿ ಸುಮ್ಮನಾಗಬೇಡಿ. "ನಾನು ಹೀಗೆ ತಿಳಿದುಕೊಂಡೆ" ಎಂದು ಹೇಳಿ. ನಮ್ಮ ಲೆಕ್ಕ ಎಲ್ಲಿ ತಪ್ಪಿತು ಎಂದು ಅವರಿಗೆ ಕಂಡರೆ ತಾನೇ ತಿದ್ದುವುದು? ನೀವು ತಡವರಿಸಿದ ತಕ್ಷಣ ಅವರು ಇಂಗ್ಲಿಷ್‌ಗೆ ತಿರುಗುತ್ತಾರೆ, ಸಹಾಯ ಮಾಡಲೆಂದೇ. ಆಗ "ಬಿಟ್ಟೆ ಔಫ್ ಡಾಯ್ಚ್" ಅನ್ನಿ, ಜರ್ಮನ್‌ನಲ್ಲೇ ಹೇಳಿ ಎಂದರ್ಥ. "ಬಿಟ್ಟೆ ಕೊರಿಗೀರೆನ್ ಜೀ ಮಿಶ್", ನನ್ನನ್ನು ತಿದ್ದಿ ಎಂಬುದನ್ನು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿ.

ಒಂದು ಕಡೆ ಮಾತ್ರ ತಪ್ಪಿನಿಂದ ಕಲಿಯುತ್ತೇನೆ ಅನ್ನಬಾರದು. ಅದು ಔಷಧಿಯ ಅಂಕಿ. ಜರ್ಮನ್‌ನಲ್ಲಿ 24 ಅನ್ನು "ನಾಲ್ಕು ಮತ್ತು ಇಪ್ಪತ್ತು" ಎಂದು ಹಿಂದುಮುಂದಾಗಿ ಹೇಳುತ್ತಾರೆ. ಅವಸರದಲ್ಲಿ ಕೇಳಿದರೆ ಕೈ 42 ಎಂದು ಬರೆದುಬಿಡುತ್ತದೆ. 15 ಮತ್ತು 50ರ ಹೆಸರುಗಳೂ ಕಿವಿಗೆ ಒಂದೇ ಥರ. "ಬಿಟ್ಟೆ ಶ್ರೈಬೆನ್ ಜೀ ಎಸ್ ಔಫ್", ಬರೆದು ಕೊಡಿ ಎಂದು ಡಾಕ್ಟರನ್ನೂ ಕೇಳಿ. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ನರ್ಸ್ ಆಗಿ ಮಾನ್ಯತೆಗೆ ಬಿ2 ಮಟ್ಟದ ಜರ್ಮನ್ ಭಾಷಾ ಸರ್ಟಿಫಿಕೇಟ್ ಬೇಕು, ಅದಕ್ಕೆ ಕಷ್ಟಪಟ್ಟು ಓದಿ. ಆದರೆ ಅಜ್ಜ ಅಜ್ಜಿಯರು ಆಡುವುದು ಶ್ವೇಬಿಷ್, ಆ ಸೀಮೆಯ ಆಡುನುಡಿ. ಪುಸ್ತಕದ "ಇಸ್ಟ್" ಅವರ ಬಾಯಲ್ಲಿ "ಇಶ್". ಮೊದಲ ವಾರ ನನಗೆ ಒಂದು ಮಾತೂ ಹಿಡಿಯಲಿಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿ, ಮುಂದೆ ಕೊಡಗಿಗೂ ಬಂದು ನೆಲೆಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅದೇ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. ನಮ್ಮ ಳ, ಣ ಅನ್ನಲು ಅವರ ನಾಲಿಗೆ ಎಷ್ಟು ಪಾಡು ಪಟ್ಟಿರಬೇಕು ಎಂದು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ.

ಅಭ್ಯಾಸಕ್ಕೆ ಜರ್ಮನಿ ತಲುಪುವವರೆಗೆ ಕಾಯಬೇಕಿಲ್ಲ. ಶನಿವಾರದ ಸಂತೆಗೆ ಈ ಹುಡುಗಿಯರನ್ನು ಕಳಿಸಿ, ಒಣಮೀನು ಮಾರುವ ಮಲಯಾಳಿ ಕಾಕನ ಹತ್ತಿರ ಮಲಯಾಳದಲ್ಲೇ ವ್ಯಾಪಾರ ಮಾಡಿ ಬನ್ನಿ ಅನ್ನುತ್ತೇನೆ. ಕಳೆದ ವಾರ ಒಬ್ಬಳು ಸಾಮಾನಿನ ಲೆಕ್ಕದ ಪಟ್ಟಿ ಬೇಕೆಂದು "ಪಟ್ಟಿ ವೇಣಂ" ಅಂದಳಂತೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಸುತ್ತಲಿದ್ದವರೆಲ್ಲ ನಕ್ಕರು, ಇವಳು ಚೀಲ ಹಿಡಿದುಕೊಂಡು ಓಡಿಬಂದಳು. ಸಂಜೆ ಜಗಲಿಯಲ್ಲಿ ಕೂತು ಮೊದಲ ಎರಡು ಕಾಲಂ ತುಂಬಿಸಿದ್ದಾಳೆ. ಮೂರನೆಯದು ಖಾಲಿ ಇದೆ. ತಪ್ಪಾದ ಜಾಗಕ್ಕೆ ಒಂದು ವಾರದೊಳಗೆ ಮರಳಿ ಹೋಗಬೇಕು, ತಡವಾದಷ್ಟೂ ಕಾಲು ಹಿಂಜರಿಯುತ್ತದೆ. ಈ ಶನಿವಾರ ಅದೇ ಕಾಕನ ಹತ್ತಿರ ಹೋಗಿ, ಸರಿಯಾದ ಮಾತು ಯಾವುದೆಂದು ಅವರನ್ನೇ ಕೇಳಿ ಬರೆದುಕೊಂಡು ಬಾ ಎಂದು ಹೇಳಿದ್ದೇನೆ.