ಕಾರಿಗೆ ಕಂಪ್ಯೂಟರ್: ಹಾಡಿಸೋದು ಸುಲಭ, ಆಫ್ ಮಾಡೋದೇ ಕಷ್ಟ

ಕಾರಲ್ಲಿ ಹಾಡು ಕೇಳೋಕೆ ಪುಟ್ಟ ಕಂಪ್ಯೂಟರ್ ಕೂರಿಸ್ತೀನಿ ಅಂತ ಹೊರಟ ಸುಮಾರು ಜನರನ್ನ ನೋಡಿದೀನಿ, ಎಲ್ರೂ ಶುರು ಮಾಡೋದು ಸ್ಕ್ರೀನಿಂದ. ಏಳಿಂಚೋ ಹತ್ತಿಂಚೋ, ಮೆನು ಯಾವ ಬಣ್ಣ, ಆಲ್ಬಮ್ ಚಿತ್ರ ಎಷ್ಟು ದೊಡ್ಡದು ಬರ್ಬೇಕು, ಇದರಲ್ಲೇ ಎರಡು ವಾರ ಕಳೀತಾರೆ. ಕೊನೇ ದಿನ ಸಂಜೆ ಕರೆಂಟ್ ಎಲ್ಲಿಂದ ಅಂತ ನೆನಪಾಗುತ್ತೆ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ‘ಬಂತು ಬಂತು’ ಅಂತ ಕುಣೀತಾರೆ. ಸ್ವಲ್ಪ ದಿನಕ್ಕೆ ಮೆಮೊರಿ ಕಾರ್ಡ್ ಸತ್ತಿರುತ್ತೆ, ಇಲ್ಲಾಂದ್ರೆ ಬೆಳಿಗ್ಗೆ ಕಾರೇ ಸ್ಟಾರ್ಟ್ ಆಗಲ್ಲ. ಅದಕ್ಕೇ ಈ ಲೇಖನದಲ್ಲಿ ಅರ್ಧಕ್ಕರ್ಧ ಬರೀ ಕರೆಂಟಿನ ಮಾತೇ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ಫೋನ್ ಬ್ಲೂಟೂತಲ್ಲಿ ಹಾಕಿದ್ರೆ ಸಾಕು ಅನ್ನೋರಿಗೆ ಅದೇ ಸಾಕು, ಇದನ್ನೆಲ್ಲ ಮೈಮೇಲೆ ಎಳ್ಕೊಳ್ಳೋದು ಬೇಡ. ಸಾವಿರಾರು ಹಾಡು ಫ್ಲ್ಯಾಕ್ ಫೈಲಲ್ಲಿ (ಎಂಪಿ3 ಥರ ಸದ್ದಿನ ಗುಣಮಟ್ಟ ಕಡಿಮೆ ಮಾಡದ ಫೈಲು) ಇಟ್ಕೊಂಡು, ನೆಟ್‌ವರ್ಕ್ ಹಂಗಿಲ್ದೆ, ಮಧ್ಯೆ ಯಾರದ್ದೋ ಕಾಲ್ ಬಂದು ರಾಗ ಕಡಿಯದ ಹಾಗೆ ಕೇಳ್ಬೇಕು ಅನ್ನೋ ಹುಚ್ಚು ಇದ್ರೆ ಮಾತ್ರ ಮುಂದೆ ಓದಿ. ಹುಚ್ಚು ಹೊಸದೇನಲ್ಲ, 1999ರಲ್ಲೇ ಬ್ರಿಟನ್ನಿನ ಎಂಪೆಗ್ ಅನ್ನೋ ಪುಟ್ಟ ಕಂಪನಿ ಹಾರ್ಡ್ ಡಿಸ್ಕ್ ಇಟ್ಟು, ಲಿನಕ್ಸ್ ಓಡಿಸಿ, ಮಾಮೂಲಿ ಕಾರ್ ರೇಡಿಯೋ ಕೂರೋ ಜಾಗದಲ್ಲೇ ಕೂರೋ ಎಂಪಿ3 ಪ್ಲೇಯರ್ ಮಾರಿತ್ತು.

ಮೊದಲು ಬೋರ್ಡು. ರಾಸ್ಪ್‌ಬೆರಿ ಪೈ ಅಂತ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಸಿಗುತ್ತೆ, ಅದರ ಪೈ 4 ಮಾಡೆಲ್ ಧಾರಾಳ ಸಾಕು, ಹಳೇ ಪೈ 3 ಬಿದ್ದಿದ್ರೆ ಅದೂ ಆಗುತ್ತೆ. ಪೈ 5 ಬೇಡ ಅಂತೀನಿ, ಅದಕ್ಕೆ 5 ವೋಲ್ಟಲ್ಲಿ 5 ಆಂಪ್ ಕೊಡೋ ಸಪ್ಲೈ ಕೇಳ್ತಾರೆ, ಹಾಡು ಹಾಡಿಸೋಕೆ ಅಷ್ಟೊಂದು ಯಾಕೆ. ಹಳೇ ಲ್ಯಾಪ್‌ಟಾಪನ್ನ ಸೀಟಿನ ಕೆಳಗೆ ತುರುಕೋ ಐಡಿಯಾ ಅಂತೂ ಬಿಟ್ಟೇಬಿಡಿ, ಬಿಸಿಲಲ್ಲಿ ನಿಂತ ಕಾರೊಳಗೆ ಅದರ ಬ್ಯಾಟರಿ ಊದ್ಕೊಳ್ಳುತ್ತೆ. ಸಾಫ್ಟ್‌ವೇರಿಗೆ ವಾಲ್ಯೂಮಿಯೋ ಅಥವಾ ಮೂಡ್ ಆಡಿಯೋ ಅನ್ನೋ ಹಾಡಿಸೋ ಓಎಸ್ಸನ್ನ ಮೆಮೊರಿ ಕಾರ್ಡಿಗೆ ಬರೆದು ಸಿಕ್ಕಿಸಿದ್ರೆ ಮುಗೀತು. ಹಾಡೆಲ್ಲ ಬೇರೆ ಯುಎಸ್‌ಬಿ ಎಸ್‌ಎಸ್‌ಡಿಲಿ ಇರಲಿ, ತಿರುಗೋ ಹಾರ್ಡ್ ಡಿಸ್ಕ್ ಗುಂಡಿ ರಸ್ತೆಗೆ ಆಗಿಬರಲ್ಲ.

ಡ್ಯಾಶ್‌ಬೋರ್ಡಿಗೆ ಕೈ ಹಾಕೋಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕೆಲವು ಕಾರಲ್ಲಿ ಹಾಗೆ ಬಿಚ್ಚಿದ್ಮೇಲೆ ರೇಡಿಯೋ ಕೋಡ್ ಕೇಳುತ್ತೆ, ಅದನ್ನ ಮೊದಲೇ ಹುಡುಕಿಟ್ಕೊಳ್ಳಿ. ಒಳಗೆ ಹಳದಿ ಕನೆಕ್ಟರ್ ಕಂಡ್ರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿಂದು, ಮುಟ್ಟಬೇಡಿ, ಮಲ್ಟಿಮೀಟರ್ ಕೂಡ ಹಚ್ಚಬೇಡಿ, ನಿಮ್ಮ ವೈರು ಅದರ ಮೇಲೆ ಹಾಯೋದೂ ಬೇಡ.

ಈಗ ಕರೆಂಟಿಗೆ ಬರೋಣ. ರೇಡಿಯೋ ಹಿಂದೆ ನಿಮಗೆ ಬೇಕಾಗಿರೋದು ಮೂರು ವೈರು: ಯಾವಾಗ್ಲೂ 12 ವೋಲ್ಟ್ ಇರೋದು, ಕೀ ತಿರುಗಿಸಿದಾಗ ಮಾತ್ರ ಬರೋದು ಅಂದ್ರೆ ಎಸಿಸಿ, ಮತ್ತೆ ಅರ್ತ್. ರೇಡಿಯೋಗಳಿಗೆ ಅಂತಲೇ ಇರೋ ಐಎಸ್‌ಒ ಅನ್ನೋ ಸ್ಟ್ಯಾಂಡರ್ಡ್ ಕನೆಕ್ಟರ್ ಇದ್ರೆ ಕಪ್ಪು ಬ್ಲಾಕಲ್ಲಿ 4ನೇ ಪಿನ್ ಸದಾ ಇರೋದು, 7ನೇದು ಕೀಯಿಂದ ಬರೋದು, 8ನೇದು ಅರ್ತ್. ಹಾಗಂತ ಕಣ್ಮುಚ್ಚಿ ನಂಬಬೇಡಿ, ಕೆಲವು ಕಾರಲ್ಲಿ 4 ಮತ್ತು 7 ಅದಲುಬದಲಾಗಿರುತ್ತೆ, ವೈರಿನ ಬಣ್ಣ ಅಂತೂ ಹಿಂದಿನ ಮಾಲೀಕರು ಯಾರ ಕೈಲಿ ಸ್ಟೀರಿಯೋ ಹಾಕ್ಸಿದ್ರು ಅನ್ನೋದರ ಮೇಲೆ ಹೋಗುತ್ತೆ. ಇದಕ್ಕೆ ಟರ್ಮಿನಲ್ ವಾಪಸ್ ಹಾಕಿ, ಮೀಟರ್ ಹಿಡಿದು ನೋಡಿ, ಕೀ ಆಫಲ್ಲಿ ಒಂದ್ಸಲ, ಎಸಿಸಿಲಿ ಒಂದ್ಸಲ, ಆಮೇಲೆ ಎಲ್ರೂ ಮರೆಯೋ ಮೂರನೇದು: ಯಾರಿಗಾದ್ರೂ ಸೆಲ್ಫ್ ಹೊಡೆಯೋಕೆ ಹೇಳಿ ಆ ಕ್ಷಣದಲ್ಲಿ ಒಂದ್ಸಲ. ಸುಮಾರು ಕಾರಲ್ಲಿ ಸೆಲ್ಫ್ ಹೊಡೆಯುವಾಗ ಎಸಿಸಿ ವೈರು ಪೂರ್ತಿ ಸೊನ್ನೆಗೆ ಇಳಿಯುತ್ತೆ. ಕೀ ತಿರುಗಿಸಿದ ತಕ್ಷಣ ಪೈ ಏಳೋಕೆ ಶುರು ಮಾಡಿರುತ್ತೆ, ಸೆಲ್ಫ್ ಹೊಡೆದಾಗ ಸಾಯುತ್ತೆ, ಮತ್ತೆ ಏಳುತ್ತೆ. ದಿನಕ್ಕೆ ನಾಕು ಸಲ ಹೀಗಾದ್ರೆ ಕಾರ್ಡ್ ಎಷ್ಟು ದಿನ ತಡ್ಕೊಳ್ಳುತ್ತೆ ಹೇಳಿ.

‘12 ವೋಲ್ಟ್’ ಅನ್ನೋದೂ ಬರೀ ಹೆಸರಿಗೆ. ನಿಂತ ಕಾರಲ್ಲಿ ತುಂಬಿದ ಬ್ಯಾಟರಿ 12.6 ತೋರಿಸುತ್ತೆ, ಎಂಜಿನ್ ಓಡ್ತಿದ್ರೆ 14ರ ಆಸುಪಾಸು, ಸೆಲ್ಫ್ ಹೊಡೆದಾಗ 8ಕ್ಕೋ ಅದಕ್ಕೂ ಕೆಳಗೋ ಬೀಳುತ್ತೆ, ಇದರ ಮಧ್ಯೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕಡೆಯಿಂದ ಕ್ಷಣಮಾತ್ರದ ದೊಡ್ಡ ದೊಡ್ಡ ಏಟು ಬೇರೆ. ಅದಕ್ಕೇ ಇದನ್ನ ಪೈಗೆ ಬೇಕಾದ 5 ವೋಲ್ಟಿಗೆ ಇಳಿಸೋ ಕನ್ವರ್ಟರ್ ತಗೊಳ್ಳುವಾಗ ಕಾರಿಗೇ ಅಂತ ಮಾಡಿರೋದು ತಗೊಳ್ಳಿ, ಇನ್‌ಪುಟ್ 6ರಿಂದ 30 ವೋಲ್ಟ್ ಅಂತಲೋ ಅದಕ್ಕಿಂತ ಜಾಸ್ತಿ ಅಂತಲೋ ಬರೆದಿರ್ಬೇಕು, ಔಟ್‌ಪುಟ್ 5 ವೋಲ್ಟಲ್ಲಿ ಕನಿಷ್ಠ 3 ಆಂಪ್. ಬೆರಳಷ್ಟು ಉದ್ದದ ಚಾರ್ಜರ್ ಮೇಲೆ ಏನೇ ಬರೆದಿರಲಿ ಅದು ಬೇಡ. ಕಾರಿನ 12 ವೋಲ್ಟನ್ನ ಇನ್ವರ್ಟರಲ್ಲಿ ಮನೆ ಕರೆಂಟ್ ಮಾಡಿ, ಅದಕ್ಕೆ ಮತ್ತೆ ಅಡಾಪ್ಟರ್ ಸಿಕ್ಕಿಸಿ 5 ವೋಲ್ಟ್ ಮಾಡ್ಕೊಳ್ಳೋರನ್ನೂ ನೋಡಿದೀನಿ, ನೀರನ್ನ ಮಹಡಿಗೆ ಹೊತ್ತು ಮತ್ತೆ ಕೆಳಗೆ ಸುರಿದ ಹಾಗೆ.

ಕನ್ವರ್ಟರ್ ಬಂತು, ಈಗ ಅದನ್ನ ಯಾವ ವೈರಿಗೆ ಕೊಡೋದು? ಎಲ್ರೂ ಎಡವೋದು ಇಲ್ಲೇ. ಎಸಿಸಿಗೆ ಕೊಟ್ರೆ ಕೀ ತೆಗೆದ ಕ್ಷಣವೇ ಕಂಪ್ಯೂಟರಿನ ಉಸಿರು ನಿಲ್ಲುತ್ತೆ, ಅದು ಏನಾದ್ರೂ ಬರೀತಿದ್ರೆ ಅಷ್ಟಕ್ಕೇ ಹೋಯ್ತು. ಸದಾ ಇರೋ ವೈರಿಗೆ ಕೊಟ್ರೆ ಆಫೇ ಆಗಲ್ಲ. ಸುಮ್ನೆ ಕೂತ ಪೈ ಮೂರು ವ್ಯಾಟ್ ತಿನ್ನುತ್ತೆ ಅಂದ್ಕೊಳ್ಳಿ, ಕನ್ವರ್ಟರಿನ ನಷ್ಟ ಸೇರಿ 0.3 ಆಂಪ್, ದಿನಕ್ಕೆ 7 ಆಂಪ್-ಅವರ್. 45 ಆಂಪ್-ಅವರ್ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ.

ದಾರಿ ಇರೋದು ಎರಡನ್ನೂ ಸೇರಿಸೋದರಲ್ಲಿ. ಕರೆಂಟು ಸದಾ ಇರೋ ವೈರಿಂದ ಬರ್ಬೇಕು, ಎಸಿಸಿ ಬರೀ ಸುದ್ದಿ ಮುಟ್ಟಿಸ್ಬೇಕು. ಎಸಿಸಿ ಹೋಯ್ತು ಅಂತ ಗೊತ್ತಾದ ತಕ್ಷಣ ಸಪ್ಲೈ ಕಂಪ್ಯೂಟರಿಗೆ ‘ಮುಚ್ಕೋ’ ಅಂತ ಸಿಗ್ನಲ್ ಕೊಡುತ್ತೆ, ಒಂದು ನಿಮಿಷ ಕಾಯುತ್ತೆ, ಆಮೇಲೆ ಪೂರ್ತಿ ಕತ್ತರಿಸುತ್ತೆ. ಈ ಕೊನೇ ಕತ್ತರಿಸೋದು ಬಹಳ ಮುಖ್ಯ, ಯಾಕಂದ್ರೆ ಶಟ್‌ಡೌನ್ ಆದ ಪೈ ಕೂಡ ಸ್ವಲ್ಪ ಕರೆಂಟ್ ಕುಡೀತಾನೇ ಇರುತ್ತೆ. ಇದೆಲ್ಲ ಮಾಡೋ ರೆಡಿಮೇಡ್ ಕಾರ್ ಸಪ್ಲೈಗಳು ಸಿಗ್ತವೆ, ಸ್ವಂತ ಸರ್ಕ್ಯೂಟ್ ಕಟ್ಟೋ ಅಭ್ಯಾಸ ಇಲ್ದೋರು ಅದನ್ನೇ ತಗೊಳ್ಳಿ, ದುಡ್ಡು ಉಳಿಸೋದು ಸ್ಕ್ರೀನಲ್ಲಿ ಉಳಿಸಿ. ನಾನೇ ಕಟ್ತೀನಿ ಅನ್ನೋರು ಒಂದು ನೆನಪಿಟ್ಕೊಳ್ಳಿ, ಪೈನ ಪಿನ್ನುಗಳು 3.3 ವೋಲ್ಟಿಗೆ ಮಾಡಿದ್ದು. ಎಸಿಸಿ ವೈರನ್ನ ನೇರ ತಂದು ಮುಟ್ಟಿಸಿದ್ರೆ ಬೋರ್ಡ್ ಅಲ್ಲೇ ಖಲಾಸ್, ಮಧ್ಯೆ ಆಪ್ಟೋಕಪ್ಲರ್ (ವೈರ್ ಮುಟ್ಟಿಸದೆ ಬೆಳಕಲ್ಲಿ ಸಿಗ್ನಲ್ ದಾಟಿಸೋ ಚಿಪ್ಪು) ಇರಲೇಬೇಕು. ನಾನು ಮೊದಲನೇ ಬೋರ್ಡ್ ಸುಟ್ಟಿದ್ದು ಹೀಗೇ.

ಇಷ್ಟೆಲ್ಲ ಮಾಡಿದ ಮೇಲೂ ರಾಸ್ಪ್‌ಬೆರಿ ಪೈನವರದೇ ಓಎಸ್ ಹಾಕಿದ್ರೆ ಅದರ ಸೆಟ್ಟಿಂಗಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಅಂತ ಒಂದು ಇದೆ, ಆನ್ ಮಾಡಿ. ಆಗ ಕಾರ್ಡಿಗೆ ಏನೂ ಬರೆಯಲ್ಲ, ಯಾವತ್ತೋ ಫ್ಯೂಸ್ ಹೋಗಿ ಸಡನ್ನಾಗಿ ಸತ್ರೂ ಕಾರ್ಡ್ ಉಳಿಯುತ್ತೆ. ನಾನೇನೋ ಸಪ್ಲೈ ಎಷ್ಟೇ ಚೆನ್ನಾಗಿರಲಿ ಇದನ್ನ ಬಿಡಲ್ಲ.

ಫ್ಯೂಸ್ ಅಂದೆ ನೋಡಿ. 3 ಆಂಪಿಂದು ಸಾಕು, ಆದ್ರೆ ಅದು ಕರೆಂಟ್ ಹೊರಡೋ ಜಾಗದ ಪಕ್ಕದಲ್ಲೇ ಇರ್ಬೇಕು, ರೇಡಿಯೋ ವೈರಿಗೆ ಸೇರಿಸಿದ್ರೆ ಆ ಜಾಯಿಂಟಿಂದ, ನೇರ ಬ್ಯಾಟರಿಯಿಂದ ಎಳೆದಿದ್ರೆ ಬ್ಯಾಟರಿಯಿಂದ ಗೇಣುದ್ದದೊಳಗೆ. ಜನ ಕಂಪ್ಯೂಟರ್ ಪಕ್ಕ ಹಾಕ್ತಾರೆ, ಅದು ಕಂಪ್ಯೂಟರ್ ಕಾಯೋಕೆ ಅಂದ್ಕೊಂಡು. ಫ್ಯೂಸ್ ಕಾಯೋದು ವೈರನ್ನ, ದಾರೀಲಿ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದ್ರೆ ಆ ತುದಿಯ ಫ್ಯೂಸ್ ಏನು ಮಾಡುತ್ತೆ? ಇನ್ನು ಜಾಯಿಂಟು, ಕೈಯಲ್ಲಿ ಹೊಸೆದು ಟೇಪ್ ಸುತ್ತೋದು ಕಾರಲ್ಲಿ ನಡೆಯಲ್ಲ, ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಕೊಳ್ಳುತ್ತೆ. ವೈರ್ ಮೇಲೆ ಪ್ಲೈಯರಲ್ಲಿ ಒತ್ತಿ ಕಚ್ಚಿಸೋ ನೀಲಿ ಕ್ಲಿಪ್ಪುಗಳೂ ನಂಗಿಷ್ಟ ಇಲ್ಲ, ಒಳಗಿನ ಎಳೆ ಕತ್ತರಿಸಿಬಿಡ್ತವೆ. ಲೋಹದ ತೋಳಲ್ಲಿ ವೈರಿಟ್ಟು ಅದಕ್ಕೇ ಅಂತ ಇರೋ ಇಕ್ಕಳದಲ್ಲಿ ಒತ್ತಿ ಸರಿಯಾಗಿ ಕ್ರಿಂಪ್ ಮಾಡಿ, ಬಿಸಿಗೆ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಕನ್ವರ್ಟರಿಂದ ಪೈಗೆ ಹೋಗೋ ಕೇಬಲ್ ಗಿಡ್ಡ ಮತ್ತು ದಪ್ಪ ಇರಲಿ, ತೆಳ್ಳಗಿನದ್ರಲ್ಲಿ ವೋಲ್ಟೇಜ್ ದಾರೀಲೇ ಸೋರುತ್ತೆ, 4.63ಕ್ಕಿಂತ ಕೆಳಗಿಳಿದ್ರೆ ಪೈ ಮಿಂಚಿನ ಗುರುತು ತೋರಿಸಿ ಗೋಳಾಡುತ್ತೆ.

ಸೌಂಡಿಗೆ ಬೋರ್ಡಿನ ಇಯರ್‌ಫೋನ್ ತೂತು ಬಳಸಬೇಡಿ, ಬುಸ್ ಅನ್ನುತ್ತೆ. ಫೈಲಿನ ಅಂಕೆಗಳನ್ನ ಸದ್ದಿನ ಸಿಗ್ನಲ್ ಮಾಡೋ ಯುಎಸ್‌ಬಿ ಡ್ಯಾಕ್ ಹಾಕಿ, ಅಲ್ಲಿಂದ ಸ್ಟೀರಿಯೋದ ಆಕ್ಸ್‌ಗೆ, ಅಂದ್ರೆ ಹೊರಗಿನ ಸೌಂಡ್ ಒಳಗೆ ಕೊಡೋ ತೂತಿಗೆ. ಆಕ್ಸ್ ಇಲ್ಲ ಅಂತ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿದ್ರೆ 15 ಕಿಲೋಹರ್ಟ್ಸ್ ಮೇಲಿನ ಕೀಚಲು ಸ್ವರವೆಲ್ಲ ಹೋಯ್ತು, ಆಮೇಲೆ ಫ್ಲ್ಯಾಕ್ ಯಾಕೆ ಬೇಕಿತ್ತು.

ಆಕ್ಸಲರೇಟರ್ ಒತ್ತಿದಂಗೆಲ್ಲ ಸ್ಪೀಕರಲ್ಲಿ ಕುಂಯ್ ಅನ್ನೋ ಸದ್ದು ಏರುತ್ತಾ? ಪೈಗೆ ಕನ್ವರ್ಟರ್ ಬಿಡಿಸಿ ಪವರ್ ಬ್ಯಾಂಕ್ ಹಾಕಿ ನೋಡಿ, ಸದ್ದು ನಿಂತ್ರೆ ಅದು ಗ್ರೌಂಡ್ ಲೂಪ್, ಅಂದ್ರೆ ಸ್ಟೀರಿಯೋ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಅರ್ತ್ ಆಗಿ, ಆ ವ್ಯತ್ಯಾಸ ಆಡಿಯೋ ವೈರಲ್ಲಿ ಹರೀತಿದೆ. ಎರಡಕ್ಕೂ ಒಂದೇ ಜಾಗದಲ್ಲಿ, ಬಣ್ಣ ಕೆರೆದು ತಗಡು ಕಾಣೋ ಹಾಗೆ ಮಾಡಿ ಅರ್ತ್ ಕೊಡಿ. ಆಡಿಯೋ ವೈರು ಕಾರಿನ ಒಂದು ಬದಿ, ಕರೆಂಟ್ ವೈರು ಇನ್ನೊಂದು ಬದಿ. ಆಡಿಯೋ ವೈರಿನ ಮಧ್ಯೆ ಹಾಕಿ ಈ ಲೂಪ್ ಕಡಿಯೋ ಐಸೊಲೇಟರ್ ಡಬ್ಬಿ ಕೊನೇ ಉಪಾಯ, ಅಗ್ಗದ್ದು ಬೇಸ್ ತಿಂದುಬಿಡುತ್ತೆ.

ಪೆಟ್ಟಿಗೆ ಕೂರಿಸೋಕೆ ಗ್ಲೋವ್ ಬಾಕ್ಸ್ ಹಿಂದಿನ ಜಾಗ ಒಳ್ಳೇದು. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮುಚ್ಚಿದ ಕಾರೊಳಗೇ 60 ಡಿಗ್ರಿ ದಾಟೋದುಂಟು, ಪೈ 80 ದಾಟಿದ್ರೆ ತಾನಾಗೇ ವೇಗ ಇಳಿಸ್ಕೊಳ್ಳುತ್ತೆ. ಸೀಟಿನ ಕೆಳಗೆ ಇಡೋರು ಸೀಟನ್ನ ಪೂರ್ತಿ ಹಿಂದೆ ಮುಂದೆ ಎಳೆದು ವೈರು ಸಿಕ್ಕಿಹಾಕ್ಕೊಳ್ಳಲ್ಲ ಅಂತ ನೋಡ್ಕೊಳ್ಳಿ. ಇನ್ನು ಸ್ಕ್ರೀನು, ನನ್ನ ಕೇಳಿದ್ರೆ ಬೇಡವೇ ಬೇಡ, ತಿರುಗಿಸೋ ಒಂದು ನಾಬ್, ಮುಂದಿನ ಹಾಡಿಗೆ ಒಂದು ಬಟನ್, ಪಕ್ಕ ಕೂತೋರು ಬೇಕಾದ್ರೆ ಫೋನಲ್ಲಿ ಹುಡುಕ್ಕೊಳ್ಳಲಿ. ಓಡಿಸೋರ ಕಣ್ಣು ರಸ್ತೆ ಮೇಲೇ ಇರುತ್ತೆ.

ಪ್ಲಾಸ್ಟಿಕ್ ಮುಚ್ಚೋಕೆ ಮುಂಚೆ ಹತ್ತು ಸಲ ಕೀ ಆನ್-ಆಫ್ ಮಾಡಿ, ಆಫ್ ಮಾಡಿ ಹದಿನೈದು ಸೆಕೆಂಡಿಗೇ ಮತ್ತೆ ಆನ್ ಮಾಡೋದನ್ನೂ ಸೇರಿಸಿ, ಏಳದೆ ಅರ್ಧದಲ್ಲಿ ಸಿಕ್ಕಿಹಾಕ್ಕೊಳ್ಳೋ ಸಪ್ಲೈಗಳ ಬಣ್ಣ ಬಯಲಾಗೋದು ಅಲ್ಲೇ. ಕೊನೇದಾಗಿ ಕಾರ್ ಲಾಕ್ ಮಾಡಿ, ಅದರ ಸ್ವಂತ ಎಲೆಕ್ಟ್ರಾನಿಕ್ಸ್ ಮಲಗೋಕೆ ಅರ್ಧ ಗಂಟೆ ಬಿಟ್ಟು, ಬ್ಯಾಟರಿ ನೆಗೆಟಿವಲ್ಲಿ ಮೀಟರನ್ನ ಸೀರೀಸಲ್ಲಿಟ್ಟು, ಅಂದ್ರೆ ಟರ್ಮಿನಲ್ಲಿಗೂ ಬಿಚ್ಚಿದ ವೈರಿಗೂ ಮಧ್ಯೆ ಇಟ್ಟು, ಸೋರಿಕೆ ಅಳೀರಿ. 50 ಮಿಲಿಆಂಪ್ ಒಳಗಿದ್ರೆ ಮುಚ್ಚಬಹುದು. ಜಾಸ್ತಿ ಇದ್ರೆ ನೀವು ಹಾಕಿದ ಫ್ಯೂಸ್ ತೆಗೆದು ನೋಡಿ, ಇಳೀತು ಅಂದ್ರೆ ತಪ್ಪು ನಿಮ್ದೇ, ಇಳೀಲಿಲ್ಲ ಅಂದ್ರೆ ಕಾರಿಂದು. ಮೀಟರ್ ಸೀರೀಸಲ್ಲಿ ಇರೋವಾಗ ಮಾತ್ರ ಯಾರೂ ಸೆಲ್ಫ್ ಹೊಡೆಯದ ಹಾಗೆ ಕೀ ನಿಮ್ಮ ಜೇಬಲ್ಲೇ ಇಟ್ಕೊಳ್ಳಿ.