ಕರೆದವರೂ ಕೂತು ಕುಡಿಯುವ ಚಹಾ

ಮದುವೆಯಾದ ಹೊಸತರಲ್ಲಿ ಒಮ್ಮೆ ಹತ್ತು ಜನರನ್ನು ಚಹಾಕ್ಕೆ ಕರೆದಿದ್ದೆ. ಸಂಜೆ ಪೂರ್ತಿ ಒಲೆ ಮುಂದೆಯೇ ಕಳೆಯಿತು. ಹಜಾರದಿಂದ ನಗು ಕೇಳಿಸುತ್ತಿತ್ತು, ಯಾವ ಮಾತಿಗೆ ನಗುತ್ತಿದ್ದಾರೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಹೊರಡುವಾಗ ಹಿರಿಯರೊಬ್ಬರು ಕೈ ಹಿಡಿದು, "ಚಹಾ ಚೆನ್ನಾಗಿತ್ತಮ್ಮ, ನಿನ್ನ ಜೊತೆ ನಾಲ್ಕು ಮಾತಾಡೋಕೇ ಆಗಲಿಲ್ಲ" ಅಂದರು. ಆಮೇಲೆ ನಾನು ಕಲಿತದ್ದೆಲ್ಲ, ಕರೆದವಳೂ ಬಂದವರ ಜೊತೆ ಕೂರುವುದು ಹೇಗೆ ಅನ್ನುವುದನ್ನೇ.

ಮೊದಲನೆಯದಾಗಿ, ಆರೆಂಟು ಜನರಿಗಿಂತ ಹೆಚ್ಚು ಕರೆಯಬೇಡಿ. ಅದಕ್ಕಿಂತ ಹೆಚ್ಚಾದರೆ ಮಾತು ಗುಂಪುಗುಂಪಾಗಿ ಒಡೆದುಹೋಗುತ್ತದೆ. ಬರುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಹೇಳಿಬಿಡಿ, ಎರಡು ಗಂಟೆ ಧಾರಾಳ. ಯಾರಿಗೆ ಸಕ್ಕರೆ ಆಗದು, ಯಾರಿಗೆ ಹಾಲು ಒಗ್ಗದು, ಕಡಲೆಕಾಯಿ, ಬಾದಾಮಿಯಂಥವು ಯಾರ ಮೈಗೆ ಆಗುವುದಿಲ್ಲ ಅನ್ನುವುದನ್ನು ಕರೆಯುವಾಗಲೇ ಕೇಳಿಟ್ಟುಕೊಳ್ಳಿ.

ಇನ್ನು ಚಹಾ. 200 ಮಿಲಿಲೀಟರ್ ಬಟ್ಟಲಿಗೆ ಒಂದು ಟೀ ಚಮಚ ಎಲೆ, ಅಂದರೆ ಸುಮಾರು 2 ಗ್ರಾಂ. ಕಪ್ಪು ಚಹಾಕ್ಕೆ ನೀರು ಕೊತಕೊತ ಕುದಿಯಬೇಕು, ಎಲೆ 3ರಿಂದ 5 ನಿಮಿಷ ನೆನೆಯಬೇಕು. ಹಸಿರು ಚಹಾಕ್ಕೆ ಅಷ್ಟು ಬಿಸಿ ಬೇಡ. ಕುದಿಸಿದ ನೀರನ್ನು ಮುಚ್ಚಳ ತೆಗೆದಿಟ್ಟು 80 ಡಿಗ್ರಿ ಆಸುಪಾಸಿಗೆ ಇಳಿಸಿ ಹಾಕಿ, 2 ನಿಮಿಷ ಸಾಕು. ಗಟ್ಟಿ ಚಹಾ ಬೇಕೆಂದು ಎಲೆಯನ್ನು ಇನ್ನಷ್ಟು ಹೊತ್ತು ನೆನೆಹಾಕುವವರೇ ಹೆಚ್ಚು. ಹಾಗೆ ಮಾಡಬೇಡಿ. ಹೊತ್ತು ಹೋದಷ್ಟೂ ಎಲೆಯಿಂದ ಟ್ಯಾನಿನ್ ಎಂಬ ಒಗರಿನ ಅಂಶ ಇಳಿದು ಚಹಾ ಒಗರಾಗುತ್ತದೆ. ಗಟ್ಟಿ ಬೇಕಾದರೆ ಎಲೆಯನ್ನೇ ಒಂದು ಚಮಚ ಹೆಚ್ಚು ಹಾಕಿ.

ಎಲ್ಲರೂ ಎಡವುವುದು ಎರಡನೇ ಸುತ್ತಿನಲ್ಲಿ. ಮೊದಲ ಬಟ್ಟಲು ಚೆನ್ನಾಗಿರುತ್ತದೆ, ಎಲೆ ಕೆಟಲಿನಲ್ಲೇ ಉಳಿದಿರುತ್ತದೆ, ನಾವು ಮಾತಿಗೆ ಕೂರುತ್ತೇವೆ. ಅರ್ಧ ಗಂಟೆಗೆ ಅದು ನಾಲಿಗೆ ಹಿಡಿಯುವ ಕಷಾಯ. ಅದಕ್ಕೆ ನನ್ನ ಹತ್ತಿರ ಎರಡು ಕೆಟಲ್ ಇವೆ. ಎರಡನೆಯದಕ್ಕೆ ಬಿಸಿನೀರು ಹಾಕಿ, ಒಂದು ಸುತ್ತು ತಿರುಗಿಸಿ, ಹೊರಗಿನಿಂದ ಅಂಗೈ ಇಟ್ಟರೆ ಬೆಚ್ಚಗೆ ಹತ್ತುವಷ್ಟು ಹೊತ್ತು ಬಿಟ್ಟು ಚೆಲ್ಲುತ್ತೇನೆ. ಮೊದಲನೆಯದರ ಚಹಾವನ್ನು ಪೂರ್ತಿ ಅದಕ್ಕೆ ಸೋಸಿ ತಂದಿಡುತ್ತೇನೆ. ಎಂಟು ಜನರಿಗೆ ಒಂದು ಸುತ್ತಿಗೆ 1,600 ಮಿಲಿಲೀಟರ್ ಬೇಕು. ಎರಡು ಸುತ್ತಿನದನ್ನು ನಾನು ಒಟ್ಟಿಗೆ ಮಾಡುವುದಿಲ್ಲ, ಸುತ್ತಿಗೊಂದು ಸಲ ಹೊಸದಾಗಿ ಮಾಡುತ್ತೇನೆ. ಕುದಿಸಿದ ನೀರು ಫ್ಲಾಸ್ಕಿನಲ್ಲಿ ಪಕ್ಕದಲ್ಲೇ ಇದ್ದರೆ ಮತ್ತೆ ಒಲೆ ಹೊತ್ತಿಸಿ ಬಿಸಿ ಮಾಡಲು ಹೆಚ್ಚು ಹೊತ್ತು ಬೇಡ, ಎದ್ದುಹೋಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಹಾಲು, ಸಕ್ಕರೆ ಬೇರೆಬೇರೆ ಇಡಿ, ಅವರವರಿಗೆ ಬೇಕಾದಷ್ಟು ಹಾಕಿಕೊಳ್ಳಲಿ. ಹಾಲು ಒಗರನ್ನು ತಗ್ಗಿಸುತ್ತದೆ. ನಿಂಬೆಹೋಳನ್ನು ಹಾಲಿನ ಜಗ್ಗಿನಿಂದ ದೂರವಿಡಿ, ಎರಡೂ ಒಂದೇ ಬಟ್ಟಲಿಗೆ ಬಿದ್ದರೆ ಒಡೆಯುತ್ತದೆ. ಸಂಜೆ ಹೊತ್ತು ಚಹಾ ಕುಡಿದರೆ ನಿದ್ದೆ ಬಾರದವರಿರುತ್ತಾರೆ, ಅವರಿಗೆ ಪುದೀನ ಅಥವಾ ಶುಂಠಿ ಹಾಕಿ ಕುದಿಸಿದ ನೀರು ಇರಲಿ.

ತಿಂಡಿ ಎರಡೋ ಮೂರೋ ಬಗೆ ಸಾಕು. ಒಂದು ಕೈಯಲ್ಲಿ ಬಟ್ಟಲು ಹಿಡಿದಿರುವವರು ಇನ್ನೊಂದು ಕೈಯಲ್ಲಿ ತಿನ್ನುವಂತಿರಬೇಕು. ಸ್ಯಾಂಡ್‌ವಿಚ್ ಮೊದಲೇ ಮಾಡಿಟ್ಟರೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿಡಿ, ಅಂಚು ಒಣಗುವುದಿಲ್ಲ. ಕೆನೆ ಹಾಕಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ.

ಯಾರ ಕೈಯಿಂದಲಾದರೂ ಚಹಾ ಮೇಜಿನ ಬಟ್ಟೆಗೆ ಚೆಲ್ಲಿದರೆ ಉಜ್ಜಬೇಡಿ. ಒಣಬಟ್ಟೆಯಿಂದ ಒತ್ತಿ ತೆಗೆದು, ತಣ್ಣೀರು ಅದ್ದಿ ಮತ್ತೆ ಒತ್ತಿ, ಮಾತು ಮುಂದುವರಿಸಿ. ಚೆಲ್ಲಿದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಂದವರು ಕೂತಿರುವಾಗ ಬಟ್ಟಲು ತೊಳೆಯಲು ಏಳಲೇಬೇಡಿ, ನೀರಿನ ಸದ್ದು ಕೇಳಿದರೆ ಹೊರಡುವ ಹೊತ್ತಾಯಿತೇನೋ ಅಂದುಕೊಳ್ಳುತ್ತಾರೆ. ಬಟ್ಟಲಿನಲ್ಲಿ ಒಣಗಿದ ಕಲೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಒದ್ದೆ ಬೆರಳಲ್ಲಿ ತಿಕ್ಕಿದರೆ ಮರುದಿನ ಬೆಳಿಗ್ಗೆಯೂ ಹೋಗುತ್ತದೆ.