ಮೋಟರ್‌ಹೋಮ್ ಹಿಂದೆ ಪಿಕಪ್ ಕಟ್ಟುವ ಮುನ್ನ

ಅಮೆರಿಕದಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡಬಹುದಾದ ದೊಡ್ಡ ಗಾಡಿ, ಕೊಂಡವರಿಗೆ ಒಂದು ಕಷ್ಟ ಬೇಗ ಗೊತ್ತಾಗುತ್ತದೆ. ಕ್ಯಾಂಪ್ ಹಾಕಿದ ಮೇಲೆ ಹಾಲು ತರೋದಕ್ಕೂ ಇಡೀ ಮನೆಯನ್ನೇ ಹೊರಡಿಸಬೇಕು. ಅದಕ್ಕೇ ಹಲವರು ಹಿಂದೊಂದು ಪಿಕಪ್ ಕಟ್ಟಿಕೊಳ್ಳುತ್ತಾರೆ. ಅದರ ನಾಲ್ಕೂ ಚಕ್ರ ನೆಲದ ಮೇಲೇ ಉರುಳುತ್ತಾ ಬಂದರೆ ಅದು ಫ್ಲ್ಯಾಟ್ ಟೋ.

ಎಳೆಯುವ ಸಾಮಾನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಪಿಕಪ್‌ನ ಮ್ಯಾನ್ಯುಯಲ್ ತೆಗೆದು ‘ರಿಕ್ರಿಯೇಷನಲ್ ಟೋಯಿಂಗ್’ ಭಾಗ ಓದಿ. ಎಂಜಿನ್ ಆಫ್ ಇದ್ದಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ತಿರುಗುವುದಿಲ್ಲ. ಚಕ್ರ ಮಾತ್ರ ತಿರುಗುತ್ತಿದ್ದರೆ ಒಳಗಿನ ಭಾಗ ಆಯಿಲ್ ಇಲ್ಲದೆ ಉಜ್ಜಿ ಹಾಳಾಗುತ್ತದೆ. ಜೀಪ್ ಗ್ಲಾಡಿಯೇಟರ್ ಪಿಕಪ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧ ತಪ್ಪುತ್ತದೆ, ಹಾಗಾಗಿ ಎಳೆಯಬಹುದು. ಈಗಿನ ಹೋಂಡಾ ರಿಡ್ಜ್‌ಲೈನ್ ಪಿಕಪ್‌ಗೆ ಇದು ಆಗುವುದಿಲ್ಲ.

ಆಮೇಲೆ ತೂಕ. ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಹಿಚ್‌ನ (ಹಿಂದೆ ಗಾಡಿ ಸಿಕ್ಕಿಸುವ ಕೊಂಡಿಯ) ಮಿತಿ ಸಾಮಾನ್ಯವಾಗಿ 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ. ಗ್ಲಾಡಿಯೇಟರ್ ಖಾಲಿ ಇದ್ದಾಗಲೇ ಅದರ ಹತ್ತಿರ ಬರುತ್ತದೆ. ಹಿಂದೆ ಸಾಮಾನು ತುಂಬಿದರೆ ಮುಗಿದೇ ಹೋಯಿತು! 10,000 ಪೌಂಡ್ ಎಳೆಯಬಲ್ಲ ಟೋ ಬಾರ್ (ಎರಡೂ ಗಾಡಿ ಜೋಡಿಸುವ ಸರಳು) ತಂದರೂ ಹಿಚ್ 5,000ದ್ದೇ ಆದರೆ ಲೆಕ್ಕ 5,000ಕ್ಕೇ ನಿಲ್ಲುತ್ತದೆ. ಹಿಚ್, ಟೋ ಬಾರ್, ಬೇಸ್ ಪ್ಲೇಟ್ (ಟೋ ಬಾರ್ ಸಿಕ್ಕಿಸಲು ಪಿಕಪ್‌ನ ಮುಂಭಾಗಕ್ಕೆ ಕೂರಿಸುವ ಚೌಕಟ್ಟು) ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಎರಡೂ ಗಾಡಿ ಸೇರಿದ ಒಟ್ಟು ತೂಕಕ್ಕೂ ಒಂದು ಮಿತಿ ಇದೆ. ನೀರು, ಜನ, ಸಾಮಾನು ಎಲ್ಲಾ ತುಂಬಿಕೊಂಡು ಟ್ರಕ್ ಸ್ಟಾಪ್‌ನಲ್ಲಿ ತೂಗಿಸಿ ನೋಡಿ.

ಬೇಸ್ ಪ್ಲೇಟ್ ನಿಮ್ಮ ಪಿಕಪ್‌ನ ಮಾಡೆಲ್ಲಿಗೆ, ವರ್ಷಕ್ಕೆ ಸರಿಹೊಂದುವಂಥದ್ದೇ ಆಗಬೇಕು. ಟೋ ಬಾರ್ ಮೋಟರ್‌ಹೋಮ್ ಕಡೆಯೇ ಇರುವ, ತೋಳು ಹಿಗ್ಗಿ ಕುಗ್ಗುವ ಬಗೆಯದ್ದು ತಗೊಳ್ಳಿ. ಪಿಕಪ್ ಒಂದಿಷ್ಟು ಓರೆಯಾಗಿ ನಿಂತಿದ್ದರೂ ಜೋಡಿಸಬಹುದು. ಕಟ್ಟಿದ ಮೇಲೆ ಬಾರ್ ಹೆಚ್ಚು ಕಡಿಮೆ ಸಮಮಟ್ಟದಲ್ಲಿರಬೇಕು. ಹಿಚ್ ಜಾಸ್ತಿ ಎತ್ತರವಿದ್ದರೆ ಅದನ್ನು ಕೆಳಕ್ಕೆ ತರುವ ಡ್ರಾಪ್ ರಿಸೀವರ್ ಹಾಕಿಸಿ.

ದುಡ್ಡು ಉಳಿಸಬಾರದ ಜಾಗ ಬ್ರೇಕ್. ಇಳಿಜಾರಿನಲ್ಲಿ ಎರಡು ಟನ್ ಹಿಂದಿನಿಂದ ತಳ್ಳುತ್ತಿರುತ್ತದೆ, ಅಲ್ವಾ? ಪಿಕಪ್‌ನ ಪೆಡಲ್ ಒತ್ತುವ ಬೇರೆ ಬ್ರೇಕ್ ಸಾಧನ ಬೇಕೇ ಬೇಕು. ಸೀಟಿಗೂ ಪೆಡಲ್‌ಗೂ ನಡುವೆ ಇಡುವ ಪೆಟ್ಟಿಗೆ ಒಂದು ಬಗೆ, ಗಾಡಿಯಲ್ಲೇ ಶಾಶ್ವತವಾಗಿ ಕೂರಿಸುವುದು ಇನ್ನೊಂದು. ಪದೇ ಪದೇ ಓಡಾಡುವವರಿಗೆ ಎರಡನೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಲ ಎತ್ತಿಡುವ ಕೆಲಸವಿಲ್ಲ, ಮರೆಯುವ ಭಯವೂ ಇಲ್ಲ. ಜೊತೆಗೆ ಬ್ರೇಕ್‌ಅವೇ ಸ್ವಿಚ್ ಇರಲಿ. ಪಿಕಪ್ ಕಳಚಿಕೊಂಡರೆ ಒಂದು ತೆಳ್ಳನೆಯ ತಂತಿ ಪಿನ್ ಎಳೆದು ಬ್ರೇಕ್ ಹಾಕಿಸುತ್ತದೆ. ಆ ತಂತಿಯ ತುದಿಯನ್ನು ಟೋ ಬಾರ್‌ಗೆ ಸಿಕ್ಕಿಸಬೇಡಿ, ಮೋಟರ್‌ಹೋಮ್‌ಗೇ ಸಿಕ್ಕಿಸಿ. ಬಾರ್ ಪಿಕಪ್ ಜೊತೆಗೇ ಕಿತ್ತು ಹೋದರೆ ತಂತಿ ಎಳೆಯುವವರು ಯಾರು?

ಸೇಫ್ಟಿ ಕೇಬಲ್ ಎರಡೂ ಕಡೆ, ಲೈಟ್ ವೈರಿಂಗ್, ದಾರಿಯಲ್ಲಿ ಪಿಕಪ್ ಬ್ಯಾಟರಿ ಚಾರ್ಜ್ ಆಗಲು ಒಂದು ಲೈನ್, ಇಷ್ಟನ್ನೂ ಒಟ್ಟಿಗೇ ಮಾಡಿಸಿ.

ಕಟ್ಟಿದ ಮೇಲೆ ರಿವರ್ಸ್ ಬೇಡ, ನಾಲ್ಕು ಅಡಿಯೂ ಬೇಡ. ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕಿಕೊಂಡು ನಾನೊಮ್ಮೆ ಹಿಂದಕ್ಕೆ ತಗೊಂಡೆ. ಪಿಕಪ್‌ನ ಮುಂದಿನ ಚಕ್ರ ಪೂರ್ತಿ ಒಂದು ಕಡೆ ಹೊರಳಿತು, ಟೋ ಬಾರ್‌ನ ತೋಳು ಬಾಗಿತು. ಜಾಗ ಸಾಲದಿದ್ದರೆ ಇಳಿದು ಪಿಕಪ್ ಬಿಚ್ಚಿ. ಐದೇ ನಿಮಿಷದ ಕೆಲಸ.